440 ಬಿಗ್ ಬ್ಲಾಕ್: ಯಾವ ಭಾಗಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಮಸಲ್ ಕಾರಿನ, ಅಂದರೆ ದೊಡ್ಡ ಎಂಜಿನ್ ತುಂಬಿದ ಹಳೇ ಅಮೆರಿಕನ್ ಕಾರಿನ, ಬಿಡಿಭಾಗಗಳ ಕ್ಯಾಟಲಾಗ್ ತೆರೆದರೆ ಪ್ರತಿ ಪುಟವೂ ಹಾರ್ಸ್‌ಪವರ್ ಹಂಚುತ್ತಲೇ ಇರುತ್ತದೆ. ವಾಲ್ವ್‌ಗಳನ್ನು ಎತ್ತುವ ಕ್ಯಾಮ್‌ಗೆ ಇಷ್ಟು, ಸಿಲಿಂಡರ್ ಮೇಲೆ ಕೂರುವ ಹೆಡ್‌ಗೆ ಇಷ್ಟು, ಅದಕ್ಕೆ ಗಾಳಿ-ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡ್‌ಗೆ ಇಷ್ಟು. ಎಲ್ಲವನ್ನೂ ಕೂಡಿಸಿ ಆರ್ಡರ್ ಮಾಡಿದವರ ಕಾರು ಸಿಗ್ನಲ್‌ನಲ್ಲಿ ಗುಡುಗುತ್ತಾ ನಿಂತು, ಹಸಿರು ದೀಪ ಬಂದಾಗ ಮುಕ್ಕರಿಸಿಕೊಂಡು ಹೊರಡುವುದನ್ನು ಡೆಟ್ರಾಯಿಟ್ ಸುತ್ತಮುತ್ತ ಬೇಸಿಗೆ ಪೂರ್ತಿ ನೋಡಬಹುದು. ಬಿಡಿಬಿಡಿಯಾಗಿ ನೋಡಿದರೆ ಅದರಲ್ಲಿರುವ ಒಂದೊಂದು ಭಾಗವೂ ಒಳ್ಳೆಯದೇ. ಒಂದು 6,500 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಮಾಡಿದ್ದು, ಇನ್ನೊಂದು 2,500ಕ್ಕೆ ಮಾಡಿದ್ದು. ಎರಡನ್ನೂ ಒಂದೇ ಎಂಜಿನ್‌ಗೆ ತುಂಬಿದರೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ಇಲ್ಲಿ ಕ್ರೈಸ್ಲರ್‌ನ ಬಿಗ್ ಬ್ಲಾಕ್, ಅಂದರೆ ದೊಡ್ಡ ಗಾತ್ರದ, 440 ಕ್ಯೂಬಿಕ್ ಇಂಚಿನ ಎಂಜಿನ್ ಇಟ್ಟುಕೊಂಡು ಮಾತಾಡುತ್ತೇನೆ. 1966ರಿಂದ 1978ರವರೆಗೆ ಬಂದ ಎಂಜಿನ್ ಇದು. 4.32 ಇಂಚಿನ ಬೋರ್ (ಸಿಲಿಂಡರ್‌ನ ಅಗಲ), 3.75 ಇಂಚಿನ ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ), ನಮ್ಮ ಲೆಕ್ಕದಲ್ಲಿ 7.2 ಲೀಟರ್. ಡಾಡ್ಜ್ ಚಾರ್ಜರ್ ಆರ್‌/ಟಿ, ಕಾರೊನೆಟ್ ಆರ್‌/ಟಿಗಳಲ್ಲಿ ಇದಕ್ಕೆ ಮ್ಯಾಗ್ನಮ್ ಅಂತ ಹೆಸರು, ಪ್ಲಿಮತ್ ಜಿಟಿಎಕ್ಸ್‌ನಲ್ಲಿ ಸೂಪರ್ ಕಮಾಂಡೊ. ಒಂದು ನಾಲ್ಕು ಬ್ಯಾರೆಲ್ ಕಾರ್ಬುರೇಟರ್ ಇದ್ದ ಮ್ಯಾಗ್ನಮ್‌ಗೆ ಕಂಪನಿ ಹೇಳಿದ ಲೆಕ್ಕ 4,600 ಆರ್‌ಪಿಎಂನಲ್ಲಿ 375 ಹಾರ್ಸ್‌ಪವರ್, 3,200ರಲ್ಲಿ 480 ಪೌಂಡ್-ಅಡಿ ಟಾರ್ಕ್. ಆ 3,200ನ್ನು ಗಮನಿಸಿ. ಈ ಎಂಜಿನ್‌ನ ಪಿಕಪ್ ಇರುವುದೇ ಅಲ್ಲಿ. ರಸ್ತೆಗೆ ಕಟ್ಟುವ 440ಯನ್ನು 5,500 ಆರ್‌ಪಿಎಂ ಒಳಗೇ ಮುಗಿಸಬೇಕು, ಅದಕ್ಕಿಂತ ಮೇಲೆ ಕೆಲಸ ಮಾಡುವ ಭಾಗಕ್ಕೆ ಒಂದು ಡಾಲರ್ ಕೂಡ ಹಾಕಬಾರದು ಅನ್ನುವುದು ನನ್ನ ಪಕ್ಷ. ಮುಂದೆ ಬರುವ ಹೋಲಿಕೆಗಳನ್ನೆಲ್ಲ ಅದೇ ಕಣ್ಣಲ್ಲಿ ಓದಿ. ಡ್ರ್ಯಾಗ್ ಸ್ಟ್ರಿಪ್‌ಗೆ ಮಾತ್ರ ಕಟ್ಟುವವರ ಲೆಕ್ಕವೇ ಬೇರೆ.

ಎಂಜಿನ್‌ಗಿಂತ ಮೊದಲು ಹಿಂದಿನ ಆಕ್ಸಲ್

ಕ್ಯಾಮ್ ಯಾವುದು ಅಂತ ಕೇಳುವ ಮುಂಚೆ ಕ್ರೌನ್-ಪಿನಿಯನ್ ರೇಷಿಯೊ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಸುತ್ತು) ಎಷ್ಟು ಅಂತ ನೋಡಿಕೊಳ್ಳಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದ ಬಹಳಷ್ಟು ಕಾರುಗಳಲ್ಲಿ 3.23 ಇರುತ್ತದೆ. 27 ಇಂಚಿನ ಟೈರ್ ಹಾಕಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿಲೋಮೀಟರ್ ವೇಗದಲ್ಲಿ ಹೋದರೆ ಎಂಜಿನ್ ತಿರುಗುವುದು ಸುಮಾರು 2,800 ಆರ್‌ಪಿಎಂನಲ್ಲಿ. 3.55 ಇದ್ದರೆ 3,100ರ ಹತ್ತಿರ. 4.10 ಇದ್ದರೆ 3,570. ಓವರ್‌ಡ್ರೈವ್ ಗೇರ್ ಇಲ್ಲದ 727 ಟಾರ್ಕ್‌ಫ್ಲೈಟ್ ಆಟೊಮ್ಯಾಟಿಕ್‌ನಲ್ಲಿ ಒಂದು ಗಂಟೆ ಹೈವೇ ಓಡಿಸಿದರೆ ಕಿವಿ ತುಂಬಿ ಹೋಗುತ್ತದೆ. ಕಂಪನಿಯೇ 4.10ನ್ನು ಡಾನಾ 60 ಆಕ್ಸಲ್ ಜೊತೆ ಸೂಪರ್ ಟ್ರ್ಯಾಕ್ ಪ್ಯಾಕ್ ಅಂತ ಬೇರೆಯಾಗಿ ಮಾರುತ್ತಿತ್ತು, ಹೆಸರೇ ಹೇಳುವಂತೆ ಅದು ಟ್ರ್ಯಾಕ್‌ಗೆ.

ವಾರಾಂತ್ಯಕ್ಕೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡಿಸುವ ಕಾರಿಗೆ 3.23 ಅಥವಾ 3.55. ಅದು ನಿರ್ಧಾರವಾದರೆ ಕ್ಯಾಮ್ ಆಯ್ಕೆ ಅರ್ಧ ಮುಗಿದ ಹಾಗೆ.

ಬಿಚ್ಚುವ ಮುಂಚೆ ಒಂದು ಅಕ್ಷರ ಓದಿ

ಕಾರಿನ ಗುರುತಿನ ಸಂಖ್ಯೆ ವಿಐಎನ್‌ನ ಐದನೇ ಅಕ್ಷರ ಎಂಜಿನ್‌ದು. 1968, 69ರ ಕಾರುಗಳಲ್ಲಿ ಎಲ್ ಇದ್ದರೆ 440 ಮ್ಯಾಗ್ನಮ್, ಜೆ ಇದ್ದರೆ 426 ಹೆಮಿ ಅನ್ನುವ ಇನ್ನೊಂದು ಎಂಜಿನ್. 1970, 71ರಲ್ಲಿ ಯು ಅಂದರೆ ನಾಲ್ಕು ಬ್ಯಾರೆಲ್‌ನ 440, ವಿ ಅಂದರೆ ಮೂರು ಕಾರ್ಬುರೇಟರ್‌ನ ಸಿಕ್ಸ್ ಪ್ಯಾಕ್, ಆರ್ ಅಂದರೆ ಹೆಮಿ. 1968ರಿಂದ ಈಚೆಗೆ ವಿಐಎನ್‌ನ ಒಂದು ಭಾಗವನ್ನು ಬ್ಲಾಕ್ ಮೇಲೂ ಕೊರೆದಿರುತ್ತಾರೆ. ಎರಡೂ ಹೊಂದಿದರೆ ನಿಮ್ಮ ಕೈಲಿರುವುದು ಕಾರಿನ ಜೊತೆಗೇ ಹುಟ್ಟಿದ ಎಂಜಿನ್. ಅದರಲ್ಲೂ ವಿ ಅಕ್ಷರದ ಕಾರು ಸಿಕ್ಕಿದ್ದರೆ ಹಳೇ ಹೆಡ್, ಮ್ಯಾನಿಫೋಲ್ಡ್, ಕಾರ್ಬುರೇಟರ್ ಯಾವುದನ್ನೂ ಮಾರಬೇಡಿ, ಸ್ಕ್ರ್ಯಾಪ್‌ಗೆ ಹಾಕಲೂಬೇಡಿ. ಎಣ್ಣೆ ಸವರಿ, ಚೀಟಿ ಅಂಟಿಸಿ, ಕಪಾಟಿನಲ್ಲಿಡಿ. ಅಂಥ ಬ್ಲಾಕ್‌ನ್ನು ಓಡಿಸುವುದಕ್ಕಿಂತ ಪಕ್ಕಕ್ಕಿಟ್ಟು, ಯಾವುದೋ ಹಳೇ ಸ್ಟೇಷನ್ ವ್ಯಾಗನ್‌ನಿಂದ ಬಂದ 440ಯನ್ನು ಕಟ್ಟುವವರೂ ಇದ್ದಾರೆ. ಬುದ್ಧಿವಂತರು ಅಂತಲೇ ಹೇಳುತ್ತೇನೆ.

ಪಿಸ್ಟನ್: ಕಣ್ಣಿಗೆ ಕಾಣದ ಜಾಗದಲ್ಲಿ ಹೋಗುವ ಶಕ್ತಿ

ಕಾರ್ಬುರೇಟರ್, ಹೆಡರ್ಸ್ (ಪೈಪ್‌ಗಳಿಂದ ಮಾಡಿದ ಎಕ್ಸಾಸ್ಟ್ ಮ್ಯಾನಿಫೋಲ್ಡ್) ಎಲ್ಲ ಬಾನೆಟ್ ಎತ್ತಿದರೆ ಕಾಣುತ್ತವೆ, ಅದಕ್ಕೇ ಮೊದಲು ಅವುಗಳಿಗೆ ದುಡ್ಡು ಹೋಗುತ್ತದೆ. ಆದರೆ 440ಯಲ್ಲಿ ಮೋಸ ಇರುವುದು ಪಿಸ್ಟನ್ ಬ್ಲಾಕ್‌ನ ಮೇಲ್ಮೈಗಿಂತ ಎಷ್ಟು ಕೆಳಗೆ ನಿಲ್ಲುತ್ತದೆ ಅನ್ನುವುದರಲ್ಲಿ. ಜಾಹೀರಾತಿನಲ್ಲಿ 1968, 69ರ ಮ್ಯಾಗ್ನಮ್‌ಗೆ 10.1:1 ಕಂಪ್ರೆಷನ್ (ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಲೆಕ್ಕ) ಅಂತ ಬರೆದಿದ್ದರು. 1972ಕ್ಕೆ ಅದನ್ನು 8.2ಕ್ಕೆ ಇಳಿಸಿದರು. ರೀಬಿಲ್ಡ್ ಕಿಟ್ ಹೆಸರಲ್ಲಿ ಅಗ್ಗಕ್ಕೆ ಬರುವ ಎಷ್ಟೋ ಪಿಸ್ಟನ್‌ಗಳು ಈ ಆಮೇಲಿನ ಅಳತೆಯವು.

ಒಂದು ಲೆಕ್ಕ ಮಾಡಿ ನೋಡೋಣ. 0.030 ಓವರ್‌ಸೈಜ್ ಬೋರ್ ಮಾಡಿಸಿದ ಬ್ಲಾಕ್, ಅಂದರೆ 4.35 ಇಂಚು. ಒಂದು ಸಿಲಿಂಡರ್ ಸುಮಾರು 913 ಸಿಸಿ. 88 ಸಿಸಿ ಚೇಂಬರ್‌ನ (ಪೆಟ್ರೋಲ್ ಉರಿಯುವ ಗುಳಿ) ಹಳೇ ಕಬ್ಬಿಣದ ಹೆಡ್, 10 ಸಿಸಿ ಗ್ಯಾಸ್ಕೆಟ್, ಪಿಸ್ಟನ್ ತಲೆಯ ವಾಲ್ವ್ ಗುಂಡಿಗಳಿಗೆ 5 ಸಿಸಿ. ಪಿಸ್ಟನ್ 0.020 ಇಂಚು ಕೆಳಗೆ ನಿಂತರೆ ಕಂಪ್ರೆಷನ್ 9.5. ಅದೇ ಎಲ್ಲ ಭಾಗಗಳು, ಪಿಸ್ಟನ್ ಮಾತ್ರ 0.100 ಇಂಚು ಕೆಳಗೆ ನಿಂತರೆ 8.2. ಎರಡು ಮಿಲಿಮೀಟರ್ ವ್ಯತ್ಯಾಸಕ್ಕೆ ಮ್ಯಾಗ್ನಮ್ ಹೋಗಿ ಮೋಟರ್‌ಹೋಮ್ ಎಂಜಿನ್ ಆಗುತ್ತದೆ. ಇದರ ಮೇಲೆ ದೊಡ್ಡ ಕ್ಯಾಮ್ ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಇದ್ದಬದ್ದ ಜೀವವೂ ಹೋಗುತ್ತದೆ. ಪಿಸ್ಟನ್ ಆರ್ಡರ್ ಮಾಡುವಾಗ ಬಾಕ್ಸ್ ಮೇಲೆ ಬರೆದ ಕಂಪ್ರೆಷನ್ ನಂಬಬೇಡಿ. ಗಜನ್ ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ ಕೇಳಿ, ಬೋರಿಂಗ್ ಮಾಡುವವರಿಂದ ನಿಮ್ಮ ಬ್ಲಾಕ್‌ನ ಡೆಕ್ ಎತ್ತರ (ಕ್ರ್ಯಾಂಕ್‌ನ ನಡುವಿನಿಂದ ಮೇಲ್ಮೈವರೆಗಿನದು) ಅಳೆಸಿ. ಪುಸ್ತಕದ ಪ್ರಕಾರ ಅದು 10.725 ಇಂಚು, ಕೈಲಿರುವ ಬ್ಲಾಕ್ ಅಷ್ಟೇ ಇರಬೇಕು ಅಂತೇನಿಲ್ಲ.

ಇನ್ನು ಪೆಟ್ರೋಲ್. ಕಬ್ಬಿಣದ ಹೆಡ್‌ಗೆ 9.5 ಹತ್ತಿರ ನಿಲ್ಲಿಸಿ, ಅಲ್ಯೂಮಿನಿಯಂ ಆದರೆ 10ರಿಂದ 10.5ರವರೆಗೆ ಹೋಗಬಹುದು. ಇದು ಅಮೆರಿಕದ ಪಂಪ್‌ಗಳಲ್ಲಿ ಸಿಗುವ 91–93 ಆಕ್ಟೇನ್‌ನ (ತಾನಾಗಿ ಸಿಡಿಯದೆ ಅದುಮಿಕೊಳ್ಳುವ ಶಕ್ತಿ) ಪ್ರೀಮಿಯಂ ಲೆಕ್ಕ. ಊರಿನಿಂದ ಫೋನ್ ಮಾಡುವವರು "ನಮ್ಮಲ್ಲೂ 91 ಇದೆಯಲ್ಲ" ಅನ್ನುತ್ತಾರೆ. ಆರ್‌ಒಎನ್, ಎಂಒಎನ್ ಅನ್ನುವುದು ಆಕ್ಟೇನ್ ಅಳೆಯುವ ಎರಡು ಬೇರೆ ಪರೀಕ್ಷೆ. ಭಾರತದಲ್ಲಿ ಹೇಳುವುದು ಆರ್‌ಒಎನ್ ಸಂಖ್ಯೆ. ಅಮೆರಿಕದ ಪಂಪ್ ಮೇಲಿರುವುದು ಆರ್‌ಒಎನ್ ಮತ್ತು ಎಂಒಎನ್‌ಗಳ ಸರಾಸರಿ. ಅಮೆರಿಕದ 91 ನಮ್ಮ ಕಡೆಯ 95–96ಕ್ಕೆ ಸಮ.

ಸ್ಟ್ರೋಕರ್ ಬೇಕೇ?

ಉದ್ದ ಸ್ಟ್ರೋಕ್‌ನ ಕ್ರ್ಯಾಂಕ್ ಹಾಕಿ ಗಾತ್ರ ಹೆಚ್ಚಿಸಿದ ಎಂಜಿನ್ನೇ ಸ್ಟ್ರೋಕರ್. 4.15 ಇಂಚಿನ ಕ್ರ್ಯಾಂಕ್ ಹಾಕಿದರೆ 4.35 ಬೋರ್‌ನ ಅದೇ ಬ್ಲಾಕ್ 493 ಕ್ಯೂಬಿಕ್ ಇಂಚು ಆಗುತ್ತದೆ, 4.25 ಹಾಕಿದರೆ 505. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕ್ರ್ಯಾಂಕ್ ಗ್ರೈಂಡಿಂಗ್, ರಾಡ್ ರೀಸೈಜಿಂಗ್, ಹೊಸ ಪಿಸ್ಟನ್, ಬ್ಯಾಲೆನ್ಸಿಂಗ್ ಎಲ್ಲ ಹೇಗೂ ಮಾಡಿಸಲೇಬೇಕು ಅಂತಿದ್ದರೆ ಪೂರ್ತಿ ಸ್ಟ್ರೋಕರ್ ಕಿಟ್‌ಗೂ ಇದಕ್ಕೂ ಇರುವ ಅಂತರ ಅಂದುಕೊಂಡಷ್ಟು ದೊಡ್ಡದಲ್ಲ. ಸ್ಟ್ರೋಕರ್‌ನಲ್ಲಿ ನನಗೆ ಇಷ್ಟವಾಗುವುದು ಟಾರ್ಕ್ ಇನ್ನೂ ಕೆಳಕ್ಕೆ ಬರುತ್ತದೆ ಅನ್ನುವುದು. ಆದರೆ ಅದರ ಹಸಿವು ತೀರಿಸಲು ಹಳೇ ಹೆಡ್‌ನ ಗಾಳಿ ಸಾಲದು. ಗೇರ್‌ಬಾಕ್ಸ್, ಯುನಿವರ್ಸಲ್ ಜಾಯಿಂಟ್, ರೇಡಿಯೇಟರ್ ಒಂದೊಂದಾಗಿ ಬಿಲ್ಲಿಗೆ ಸೇರುತ್ತಾ ಹೋಗುತ್ತವೆ. ಹಳೇ ಫೋರ್ಜ್ಡ್ ಕ್ರ್ಯಾಂಕ್ ಅಳತೆಯಲ್ಲಿದ್ದು ಪಾಲಿಶ್‌ನಲ್ಲಿ ಮುಗಿಯುವಂತಿದ್ದರೆ 3.75ರಲ್ಲೇ ಇರಿ, ಉಳಿದ ದುಡ್ಡನ್ನು ಹೆಡ್‌ಗೆ ಹಾಕಿ.

ಒಂದು ಎಚ್ಚರಿಕೆ. 1970ರಿಂದ ಈಚಿನ ಹೈ-ಪರ್ಫಾರ್ಮೆನ್ಸ್ 440ಗಳ ದಪ್ಪ ರಾಡ್, ಆಮೇಲೆ ಬಂದ ಎರಕದ ಕ್ರ್ಯಾಂಕ್, ಇವೆರಡಕ್ಕೂ ಬ್ಯಾಲೆನ್ಸ್ ಹೊರಗಿನಿಂದ, ಅಂದರೆ ಕ್ರ್ಯಾಂಕ್‌ನ ಮುಂದಿನ ಡ್ಯಾಂಪರ್ ಮತ್ತು ಹಿಂದೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಜೋಡಿಸುವ ಟಾರ್ಕ್ ಕನ್ವರ್ಟರ್ ಮೇಲಿನ ತೂಕದಿಂದ. ಹಳೇ ಮಾದರಿಯ ಡ್ಯಾಂಪರ್ ತಂದು ಇದಕ್ಕೆ ಕೂರಿಸಿದರೆ ಬೋಲ್ಟ್ ಹಿಡಿಯುತ್ತದೆ, ಕಾರು ನಡುಗುತ್ತದೆ.

ಹೆಡ್: ಕಬ್ಬಿಣವೋ ಅಲ್ಯೂಮಿನಿಯಮ್ಮೋ

ಹಳೇ ಹೆಡ್‌ಗಳನ್ನು ಎರಕದ ಸಂಖ್ಯೆಯ ಕೊನೆಯ ಮೂರು ಅಂಕಿಯಿಂದ ಕರೆಯುತ್ತಾರೆ. 1967ರದ್ದು 915, ಮುಚ್ಚಿದ ಚೇಂಬರ್. 1968–70ರದ್ದು 906, ತೆರೆದ ಚೇಂಬರ್, 2.08 ಮತ್ತು 1.74 ಇಂಚಿನ ವಾಲ್ವ್. 1970ರ ದಶಕದ ಕೊನೆಯದ್ದು 452. ಹಳೇ ಬಿಡಿಭಾಗಗಳ ಸಂತೆಯಾದ ಸ್ವಾಪ್ ಮೀಟ್‌ಗಳಲ್ಲಿ 906ಕ್ಕೆ ಇರುವ ಮರ್ಯಾದೆ 452ಗೆ ಇಲ್ಲ. ನನ್ನ ಮಟ್ಟಿಗೆ ಅದು ಅನ್ಯಾಯ. 452ರ ಎಕ್ಸಾಸ್ಟ್ ಸೀಟ್ ಗಟ್ಟಿ ಮಾಡಿ ಬಂದದ್ದು, ಸೀಸವಿಲ್ಲದ ಪೆಟ್ರೋಲ್‌ಗೆ ಅದೇ ಬೇಕಾದದ್ದು. 906ಕ್ಕೆ ಆ ಸೀಟನ್ನು ಕೊರೆದು ಹೊಸದು ಕೂರಿಸಬೇಕು.

ಹಳೇ ಹೆಡ್ ಇಟ್ಟುಕೊಂಡರೆ ದುಡ್ಡು ಉಳಿಯುತ್ತದೆ ಅನ್ನುವವರು ಮೆಷಿನ್ ಶಾಪ್‌ನಿಂದ ಒಂದು ಎಸ್ಟಿಮೇಟ್ ಬರೆಸಿ ತರಲಿ. ಬಿರುಕು ಪರೀಕ್ಷೆ, ಗೈಡ್, ಸೀಟ್, ಹೊಸ ವಾಲ್ವ್, ಸ್ಪ್ರಿಂಗ್, ಮೇಲ್ಮೈ ಸಾಣೆ, ಸ್ವಲ್ಪ ಪೋರ್ಟಿಂಗ್. ಕೂಡಿಸಿದ ಮೊತ್ತ ಹೊಸ ಅಲ್ಯೂಮಿನಿಯಂ ಜೋಡಿಯ ಬೆಲೆಯ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಎಡೆಲ್‌ಬ್ರಾಕ್ ಪರ್ಫಾರ್ಮರ್ ಆರ್‌ಪಿಎಂ ಹೆಡ್‌ನಲ್ಲಿ ವಾಲ್ವ್‌ಗಳೇ 2.14 ಮತ್ತು 1.81 ಇಂಚು. ಟ್ರಿಕ್ ಫ್ಲೋ ಇನ್ನೂ ಹೆಚ್ಚು ಗಾಳಿ ಬಿಡುತ್ತದೆ, ಬೆಲೆಯೂ ಹೆಚ್ಚು. ಸ್ಟ್ರೋಕರ್ ಕಟ್ಟುವವರಿಗೆ ಅದು ಸರಿ, 3.75ರ ರಸ್ತೆ ಎಂಜಿನ್‌ಗೆ ಎಡೆಲ್‌ಬ್ರಾಕ್ ಸಾಕು. ಮುಂದಿನ ಚಕ್ರಗಳ ಮೇಲಿನ ಭಾರವೂ ಇಳಿಯುತ್ತದೆ.

ಎಡೆಲ್‌ಬ್ರಾಕ್‌ನಲ್ಲೂ ಎರಡು ಚೇಂಬರ್ ಇವೆ, 84 ಸಿಸಿ ಮತ್ತು 75 ಸಿಸಿ. ಮೇಲಿನ ಲೆಕ್ಕದ 0.020 ಪಿಸ್ಟನ್‌ಗೆ 84 ಹಾಕಿದರೆ 9.8, 75 ಹಾಕಿದರೆ 10.6. ಸಣ್ಣ ಕ್ಯಾಮ್ ಇಟ್ಟು ಬಿಸಿಲಲ್ಲಿ ಓಡಿಸುವವರಿಗೆ 10.6 ಅಂದರೆ ನಾಕಿಂಗ್ (ಪೆಟ್ರೋಲ್ ಅಕಾಲದಲ್ಲಿ ಸಿಡಿಯುವುದು) ಬಾಗಿಲಲ್ಲೇ ನಿಂತ ಹಾಗೆ. ಪಿಸ್ಟನ್ ತುಂಬ ಕೆಳಗಿರುವ ಬ್ಲಾಕ್‌ನ್ನು ಬಿಚ್ಚದೆ ಬರೀ ಹೆಡ್ ಬದಲಿಸುವವರಿಗೆ ಮಾತ್ರ 75 ನಿಜವಾಗಿ ಉಪಕಾರಿ.

ಕಬ್ಬಿಣವೇ ಇರಲಿ ಅನ್ನುವ ಸಂದರ್ಭ ಒಂದಿದೆ: ಕಾರು ಮೂಲ ಸ್ಥಿತಿಯಲ್ಲೇ ಕಾಣಬೇಕು, ಪ್ರದರ್ಶನಕ್ಕೆ ಹೋಗಬೇಕು. ಆಗ 906ಕ್ಕೆ ಮಾಡಿಸಿದ ಖರ್ಚು ದಂಡವಲ್ಲ. ಹೆಡ್ ಬದಲಿಸಿದರೆ ಸ್ಪಾರ್ಕ್ ಪ್ಲಗ್‌ನ ಚೂಡಿಯ ಉದ್ದವೂ ಬದಲಾಗುತ್ತದೆ. ಡಬ್ಬಿಯಲ್ಲಿ ಉಳಿದ ಹಳೇ ಪ್ಲಗ್ ಹಾಕಬೇಡಿ.

ಕ್ಯಾಮ್ ಮತ್ತು ಟ್ಯಾಪೆಟ್

ಕ್ಯಾಮ್‌ನ ಉಬ್ಬಿನ ಮೇಲೆ ಕೂತು ಅದರ ಏರಿಳಿತವನ್ನು ವಾಲ್ವ್ ಕಡೆಗೆ ಒಯ್ಯುವುದು ಟ್ಯಾಪೆಟ್. ಕ್ರೈಸ್ಲರ್ ಟ್ಯಾಪೆಟ್‌ನ ಅಗಲ 0.904 ಇಂಚು. ಷೆವ್ರೊಲೆಯದ್ದು 0.842, ಫೋರ್ಡ್‌ನದ್ದು 0.875. ಟ್ಯಾಪೆಟ್ ಅಗಲವಾದಷ್ಟೂ ಕ್ಯಾಮ್‌ನ ಉಬ್ಬು ವಾಲ್ವನ್ನು ಚುರುಕಾಗಿ ಎತ್ತಬಹುದು, ಅಂಚು ಕೊರೆಯುವುದಿಲ್ಲ. ಆದರೆ ಮಾರುಕಟ್ಟೆಯ ಎಷ್ಟೋ ಕ್ಯಾಮ್‌ಗಳನ್ನು ಷೆವ್ರೊಲೆ ಅಳತೆಗೆ ಕಡೆದು ಕ್ರೈಸ್ಲರ್ ಬಾಕ್ಸ್‌ನಲ್ಲಿ ಹಾಕಿರುತ್ತಾರೆ. ಕೆಲಸ ಮಾಡುತ್ತವೆ, ಆ ಅಗಲದ ಲಾಭ ಮಾತ್ರ ಸಿಗುವುದಿಲ್ಲ. 0.904ಕ್ಕೇ ಕಡೆದದ್ದೋ ಅಂತ ಕೇಳಿ ಕೊಳ್ಳಿ.

ಹೋಲಿಸುವಾಗ ದೊಡ್ಡ ಅಕ್ಷರದ ಡ್ಯುರೇಷನ್ (ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ ಅನ್ನುವುದು) ಬಿಟ್ಟು, 0.050 ಇಂಚು ಎತ್ತಿದಾಗಿನ ಡ್ಯುರೇಷನ್ ಮಾತ್ರ ನೋಡಿ. 3.23 ಆಕ್ಸಲ್, ಕಂಪನಿಯ ಕನ್ವರ್ಟರ್, ಪವರ್ ಬ್ರೇಕ್ ಇದ್ದರೆ 215ರಿಂದ 225 ಡಿಗ್ರಿ. 3.55 ಹಾಕಿ ಕನ್ವರ್ಟರನ್ನೂ ಸ್ವಲ್ಪ ಸಡಿಲದ್ದು ಹಾಕಿಸಿದರೆ 230ರವರೆಗೆ. ಬಹಳ ಹೆಸರಾದ 284/484 ಪರ್ಪಲ್ ಶಾಫ್ಟ್ ಕ್ಯಾಮ್ 240 ದಾಟಿದ್ದು. ಅದರ ಸದ್ದು ಕೇಳಿ ಮನಸೋತವರು ಬಹಳ ಜನ. ಅದನ್ನು 3.23 ಆಕ್ಸಲ್‌ಗೆ ಹಾಕಿದರೆ 3,000 ಆರ್‌ಪಿಎಂ ಕೆಳಗೆ ಎಂಜಿನ್ ನಿದ್ದೆ ಮಾಡುತ್ತದೆ, ಐಡಲಿಂಗ್‌ನಲ್ಲಿ ವ್ಯಾಕ್ಯೂಮ್ ಬಿದ್ದು ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಕ್ಯಾಮ್ ಮೇಲೆ ಉಜ್ಜುವ ಫ್ಲಾಟ್ ಟ್ಯಾಪೆಟ್ಟೋ ಉರುಳುವ ರೋಲರ್ರೋ ಅನ್ನುವುದು ಈಗಿನ ದೊಡ್ಡ ಚರ್ಚೆ. ಫ್ಲಾಟ್ ಅಗ್ಗ, ಮೂಲದಲ್ಲಿ ಇದ್ದದ್ದೂ ಅದೇ. ಆದರೆ ಕಾರಿನ ಈಗಿನ ಎಣ್ಣೆಗಳಲ್ಲಿ, ಅದರಲ್ಲೂ ತೆಳು ದರ್ಜೆಗಳಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ಸತು-ಫಾಸ್ಫರಸ್ ಕಡಿಮೆ ಮಾಡಿದ್ದಾರೆ. ಫ್ಲಾಟ್ ಟ್ಯಾಪೆಟ್ ಉಳಿಯುವುದೇ ಆ ಸತುವಿನ ಮೇಲೆ. ಅದನ್ನು ಹಾಕಿಸಿದರೆ ಹಳೇ ಕಾರಿಗೆಂದೇ ಮಾಡಿದ ಎಣ್ಣೆಯನ್ನೇ ಕಾಯಂ ಬಳಸಬೇಕು, ಮೊದಲ ಸ್ಟಾರ್ಟ್ ಹದಗೆಡಬಾರದು. ಡಿಸ್ಟ್ರಿಬ್ಯೂಟರ್ ಮತ್ತು ಅದರ ಕೆಳಗಿನ ಗೇರ್ ಶಾಫ್ಟ್ ತೆಗೆದು, 5/16 ಇಂಚಿನ ಆರು ಮೂಲೆಯ ಸರಳನ್ನು ಡ್ರಿಲ್ ಮೆಷಿನ್‌ಗೆ ಕಚ್ಚಿಸಿ ಆಯಿಲ್ ಪಂಪ್‌ಗೆ ಇಳಿಸಿ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸುತ್ತಾರೆ. ಒತ್ತಡ ಏರಿದ ಕೂಡಲೇ ಡ್ರಿಲ್ ಕೈಯಲ್ಲಿ ಭಾರವಾಗಿ ತಿರುಚಿಕೊಳ್ಳುತ್ತದೆ, ಅದೇ ಗುರುತು. ಆಮೇಲೆ ಸ್ಟಾರ್ಟ್ ಆದ ಕ್ಷಣದಿಂದ 20–30 ನಿಮಿಷ 2,000–2,500 ಆರ್‌ಪಿಎಂ. ನಡುವೆ ಐಡಲ್‌ಗೆ ಬಿಡುವ ಹಾಗಿಲ್ಲ, ಏಕೆಂದರೆ ಕ್ಯಾಮ್‌ಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಚಿಮ್ಮಿಸಿದಾಗ.

ಹೈಡ್ರಾಲಿಕ್ ರೋಲರ್‌ಗೆ ಈ ಭಯವಿಲ್ಲ. ಬೆಲೆ ಮಾತ್ರ ಕ್ಯಾಮ್‌ದಷ್ಟೇ ಅಲ್ಲ. ರೋಲರ್ ಟ್ಯಾಪೆಟ್, ಹೊಸ ಅಳತೆಯ ಪುಶ್‌ರಾಡ್, ಬಲವಾದ ಸ್ಪ್ರಿಂಗ್, ಕ್ಯಾಮ್ ಮುಂದಕ್ಕೆ ಸರಿಯದಂತೆ ತಡೆಯುವ ಬಟನ್, ಕ್ಯಾಮ್‌ನ ಲೋಹಕ್ಕೆ ಒಗ್ಗುವ ಗೇರ್ ಇರುವ ಡಿಸ್ಟ್ರಿಬ್ಯೂಟರ್ ಶಾಫ್ಟ್ ಎಲ್ಲ ಬೇಕು. ಕೊನೆಯದನ್ನು ಮರೆತವರ ಗೇರ್ ಹಲ್ಲು ಪುಡಿಯಾಗಿ ಆಯಿಲ್ ಪ್ಯಾನ್ ಸೇರುತ್ತದೆ. ವರ್ಷಕ್ಕೆ ಕೆಲವೇ ಸಲ ಓಡುವ ಕಾರಾದರೆ ನಾನು ಫ್ಲಾಟ್‌ನಲ್ಲೇ ಇರುತ್ತೇನೆ. ಹೊಸದಾಗಿ ಎಲ್ಲವನ್ನೂ ಕೊಂಡು, ಸಾವಿರಾರು ಮೈಲಿ ಓಡಿಸುವ ಯೋಚನೆ ಇದ್ದರೆ ರೋಲರ್. ಯಾವುದಾದರೂ ಸರಿ, ಕ್ಯಾಮ್ ಒಂದು ಬೋಲ್ಟ್‌ನದೋ ಮೂರು ಬೋಲ್ಟ್‌ನದೋ ನೋಡಿ ಅದಕ್ಕೆ ತಕ್ಕ ಟೈಮಿಂಗ್ ಗೇರ್ ತರಿಸಿ.

ಮ್ಯಾನಿಫೋಲ್ಡ್, ಕಾರ್ಬುರೇಟರ್

ಕ್ರೈಸ್ಲರ್‌ನದೇ ಬೇರೆ ಬಿಗ್ ಬ್ಲಾಕ್‌ಗಳಾದ 383, 400ರ ಹೆಡ್ 440ಗೆ ಕೂರುತ್ತದೆ, ಇನ್‌ಟೇಕ್ ಮ್ಯಾನಿಫೋಲ್ಡ್ ಕೂರುವುದಿಲ್ಲ. 440ಯ ಬ್ಲಾಕ್ ಎತ್ತರ ಹೆಚ್ಚು, ಎರಡು ಹೆಡ್‌ಗಳ ನಡುವಿನ ಅಂತರವೂ ಹೆಚ್ಚು. ಸ್ವಾಪ್ ಮೀಟ್‌ನಲ್ಲಿ "ಬಿಗ್ ಬ್ಲಾಕ್ ಮ್ಯಾನಿಫೋಲ್ಡ್" ಅಂತಷ್ಟೇ ಬರೆದಿದ್ದರೆ ಸಂಖ್ಯೆ ಓದದೆ ದುಡ್ಡು ಕೊಡಬೇಡಿ.

ಸಿಂಗಲ್ ಪ್ಲೇನ್ (ಎಲ್ಲ ಸಿಲಿಂಡರ್‌ಗೂ ಒಂದೇ ಕೋಣೆಯಿಂದ ಗಾಳಿ), ಡ್ಯುಯಲ್ ಪ್ಲೇನ್ (ಎರಡು ಬೇರೆ ಕೋಣೆ) ಮ್ಯಾನಿಫೋಲ್ಡ್‌ಗಳಲ್ಲಿ ನನಗೆ ಚರ್ಚೆಯೇ ಕಾಣುವುದಿಲ್ಲ. ರಸ್ತೆಗೆ ಡ್ಯುಯಲ್ ಪ್ಲೇನ್. ಪರ್ಫಾರ್ಮರ್ ಆರ್‌ಪಿಎಂ ಮ್ಯಾನಿಫೋಲ್ಡ್ ಕಂಪನಿಯದಕ್ಕಿಂತ ಎತ್ತರ. ಏರ್ ಕ್ಲೀನರ್ ಮುಚ್ಚಳದ ಮೇಲೆ ಮಕ್ಕಳು ಆಡುವ ಜೇಡಿಮಣ್ಣಿನ ನಾಲ್ಕು ಉಂಡೆ ಇಟ್ಟು ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆಯಿರಿ, ಉಂಡೆ ಎಷ್ಟು ಚಪ್ಪಟೆಯಾಗಿದೆ ನೋಡಿದರೆ ಎಷ್ಟು ಜಾಗ ಉಳಿದಿದೆ ಅಂತ ಗೊತ್ತಾಗುತ್ತದೆ.

ಕಾರ್ಬುರೇಟರ್‌ಗೆ ಲೆಕ್ಕ ಸುಲಭ. ಕ್ಯೂಬಿಕ್ ಇಂಚನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿ. 440ಗೆ 5,500ರಲ್ಲಿ 700 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ), ಅದೂ ಸಿಲಿಂಡರ್ ನೂರಕ್ಕೆ ನೂರು ತುಂಬಿದರೆ. 85ರಷ್ಟು ತುಂಬಿದರೆ 595. ಅಂದ ಮೇಲೆ 850ರ ಡಬಲ್ ಪಂಪರ್ ಕಾರ್ಬುರೇಟರ್ ಯಾರಿಗೆ? ಎರಡನೇ ಜೋಡಿ ಬ್ಯಾರೆಲ್ ವ್ಯಾಕ್ಯೂಮ್‌ನಿಂದ ತೆರೆಯುವ ಹಾಲಿ (Holley) ಕಂಪನಿಯ 750, ಅಥವಾ ಎಡೆಲ್‌ಬ್ರಾಕ್ ಎವಿಎಸ್2. ಎರಡನೆಯದು ಮೂಲದ ಕಾರ್ಟರ್ ಎವಿಎಸ್‌ನ ಮಗನೇ, ಟ್ಯೂನಿಂಗ್ ಮಾಡಲು ಕಾರ್ಬುರೇಟರ್ ಬಿಚ್ಚಿ ಪೆಟ್ರೋಲ್ ಚೆಲ್ಲಬೇಕಾಗಿಲ್ಲ. ಹಾಲಿಗೆ ಭಾಗಗಳು ಎಲ್ಲ ಊರಲ್ಲೂ ಸಿಗುತ್ತವೆ.

ಸಿಕ್ಸ್ ಪ್ಯಾಕ್ ಆಸೆ ಇದ್ದರೆ ನೋಟಕ್ಕಾಗಿ ಹಾಕಿಸಿ, ತಪ್ಪಿಲ್ಲ. ಮೆಲ್ಲಗೆ ಓಡಿಸುವಾಗ ನಡುವಿನದೊಂದೇ ಕೆಲಸ ಮಾಡುತ್ತದೆ, ಆಚೀಚಿನ ಎರಡು ವ್ಯಾಕ್ಯೂಮ್‌ನಿಂದ ತೆರೆಯುತ್ತವೆ. ಕಂಪನಿಯ ಲೆಕ್ಕದಲ್ಲೂ ಇದರಿಂದ ಬಂದದ್ದು 390 ಹಾರ್ಸ್‌ಪವರ್, ಮ್ಯಾಗ್ನಮ್‌ಗಿಂತ 15 ಹೆಚ್ಚು. ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಥ್ರಾಟಲ್ ಬಾಡಿ ಇಎಫ್‌ಐ ಕಿಟ್ ಚಳಿಯಲ್ಲಿ ಸ್ಟಾರ್ಟ್ ಆಗುವುದಕ್ಕೆ ಒಳ್ಳೆಯದು, ಆದರೆ ಟ್ಯಾಂಕ್‌ನೊಳಗೆ ಹೊಸ ಪಂಪ್, ರಿಟರ್ನ್ ಪೈಪ್, ಶುದ್ಧ ವೈರಿಂಗ್ ಎಲ್ಲಕ್ಕೂ ತಯಾರಿದ್ದರೆ ಮಾತ್ರ.

ಉಳಿದದ್ದು

ಹೆಡರ್ಸ್ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ಲಾಭ ಖಂಡಿತ ಇದೆ, 440ಗೆ 1⅞ ಇಂಚಿನ ಪೈಪ್ ಸರಿ. ಆದರೆ ಈ ಕಾರುಗಳ ಮುಂಭಾಗದಲ್ಲಿ ಟಾರ್ಷನ್ ಬಾರ್, ಸ್ಟೀರಿಂಗ್ ಬಾಕ್ಸ್, ಸ್ಟಾರ್ಟರ್ ಎಲ್ಲ ಒತ್ತೊತ್ತಾಗಿ ಇವೆ. ಅಗ್ಗದ ಹೆಡರ್ಸ್ ಹಂಪ್ ಮೇಲೆ ಉಜ್ಜುತ್ತದೆ, ಪ್ಲಗ್ ವೈರ್ ಸುಡುತ್ತದೆ. ಕಂಪನಿಯ ಹೈ-ಪರ್ಫಾರ್ಮೆನ್ಸ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೈಲಿದ್ದರೆ ಅದಕ್ಕೇ 2½ ಇಂಚಿನ ಪೈಪ್, ಒಳ್ಳೆಯ ಸೈಲೆನ್ಸರ್ ಜೋಡಿಸಿ ಒಂದು ವರ್ಷ ಓಡಿಸಿ ನೋಡಿ.

ಇಗ್ನಿಷನ್‌ನಲ್ಲಿ ಪಾಯಿಂಟ್ಸ್ ಬಿಟ್ಟು ಎಲೆಕ್ಟ್ರಾನಿಕ್‌ಗೆ ಹೋಗಿ, ಕ್ರೈಸ್ಲರ್ ತಾನೇ 1970ರ ದಶಕದ ಆರಂಭದಲ್ಲಿ ಹೋಯಿತು. ಇಎಫ್‌ಐ, ಎಲೆಕ್ಟ್ರಿಕ್ ಫ್ಯಾನ್ ಅಂತ ದೊಡ್ಡ ಆಲ್ಟರ್ನೇಟರ್ ಹಾಕುವವರು ಮೊದಲು ಡ್ಯಾಶ್‌ಬೋರ್ಡ್‌ನ ಆಮೀಟರ್ ಹಿಂದೆ ನೋಡಲಿ. ಚಾರ್ಜಿಂಗ್ ಕರೆಂಟ್ ಪೂರ್ತಿ ಆ ಮೀಟರ್ ಮೂಲಕ, ಫೈರ್‌ವಾಲ್‌ನ ಪ್ಲಾಸ್ಟಿಕ್ ಕನೆಕ್ಟರ್ ಮೂಲಕ ಹೋಗುತ್ತದೆ. ಐವತ್ತು ವರ್ಷ ಹಳೆಯ ಆ ಟರ್ಮಿನಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ಕರಗಲು ಶುರುವಾಗಿದೆ ಅಂತ ಅರ್ಥ. ಆಲ್ಟರ್ನೇಟರ್‌ನಿಂದ ಬ್ಯಾಟರಿ ಕಡೆಗೆ ಫ್ಯೂಸ್ ಲಿಂಕ್ ಇರುವ ನೇರ ವೈರ್ ಎಳೆಸಿ.

ರೇಡಿಯೇಟರ್ 22 ಇಂಚಿನದೂ ಇದೆ, 26 ಇಂಚಿನದೂ ಇದೆ. ಬೋರ್ ದೊಡ್ಡದಾಗಿ, ಕಂಪ್ರೆಷನ್ ಏರಿದ ಎಂಜಿನ್‌ಗೆ 26ನ್ನೇ ಹಾಕಿಸಿ, ಫ್ಯಾನ್ ಸುತ್ತಲಿನ ಶ್ರೌಡ್ ಬಿಡಬೇಡಿ. ಹೈವೇಯಲ್ಲಿ ಯಾವ ರೇಡಿಯೇಟರ್ ಆದರೂ ನಡೆಯುತ್ತದೆ. ಡೆಟ್ರಾಯಿಟ್ ಕಡೆ ಆಗಸ್ಟ್ ತಿಂಗಳಲ್ಲಿ ನಡೆಯುವ ಹಳೇ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ನಲ್ಲಿ, ಮೈಲುಗಟ್ಟಲೆ ಸಾಲು ಗಂಟೆಗೆ ಐದು ಮೈಲಿಯಲ್ಲಿ ತೆವಳುವಾಗ ಬಾನೆಟ್ ಎತ್ತಿ ಪಕ್ಕಕ್ಕೆ ನಿಂತ ಕಾರುಗಳಲ್ಲಿ ಇಣುಕಿ ನೋಡಿ, ಶ್ರೌಡ್ ಇದೆಯೋ ಇಲ್ಲವೋ ಅಂತ.